ಟೈಮಿಂಗ್ ಬೆಲ್ಟ್: ಕಿಲೋಮೀಟರ್ ಆಗಿಲ್ಲ, ವರ್ಷ ಆಗಿದೆ. ಬದಲಾಯಿಸಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡಿದ್ದೇನೆ. ಒಂಬತ್ತು ವರ್ಷದ ಗಾಡಿ, ಮೀಟರ್ 58,000 ಕಿಲೋಮೀಟರ್ ತೋರಿಸುತ್ತಿದೆ. ಮ್ಯಾನುಯಲ್‌ನಲ್ಲಿ ಟೈಮಿಂಗ್ ಬೆಲ್ಟ್‌ಗೆ 1,00,000 ಕಿಲೋಮೀಟರ್ ಅಥವಾ 6 ವರ್ಷ ಅಂತಿದೆ. ಮಾರಿದವರು ‘ಬೆಲ್ಟ್ ಚೇಂಜ್ ಆಗಿದೆ’ ಅಂತ ಎರಡು ವರ್ಷದ ಹಿಂದಿನ ಒಂದು ಬಿಲ್ ಕೊಟ್ಟಿದ್ದಾರೆ. ಇಂಜಿನ್‌ನಿಂದ ಯಾವ ಸದ್ದೂ ಇಲ್ಲ. ಒಂದು ಲಕ್ಷ ಆಗುವವರೆಗೆ ಓಡಿಸಬಹುದಾ?

ಉತ್ತರ (ಮೆಕ್ಯಾನಿಕ್): ನಮಸ್ಕಾರ ಮೇಡಂ. ಕಿಲೋಮೀಟರ್, ವರ್ಷ ಎರಡನ್ನೂ ಕೊಟ್ಟಿದ್ದರೆ ಮೊದಲು ಮುಗಿಯುವುದನ್ನೇ ಹಿಡಿಯಬೇಕು. ನಿಮ್ಮ ಗಾಡಿಗೆ ವರ್ಷದ ಲೆಕ್ಕ ಯಾವತ್ತೋ ಮುಗಿದಿದೆ. ಹಾಗಾಗಿ ಈಗ ಎಲ್ಲವೂ ಆ ಬಿಲ್ ಮೇಲೆ ನಿಂತಿದೆ.

ಬಿಲ್‌ನಲ್ಲಿ ‘ಬೆಲ್ಟ್’ ಅಂತ ಮಾತ್ರ ಇದ್ದರೆ ನಂಬಬೇಡಿ. ಆಲ್ಟರ್ನೇಟರ್, ಎಸಿ ತಿರುಗಿಸುವ, ಬಾನೆಟ್ ಎತ್ತಿದರೆ ಕಣ್ಣಿಗೆ ಕಾಣುವ ಬೆಲ್ಟ್ ಬೇರೆ. ಅದನ್ನು ಫ್ಯಾನ್ ಬೆಲ್ಟ್ ಅಂತೀವಿ, ಬದಲಾಯಿಸುವುದು ಸಣ್ಣ ಕೆಲಸ. ಟೈಮಿಂಗ್ ಬೆಲ್ಟ್ ಕವರ್ ಒಳಗಿರುತ್ತೆ. ಅದನ್ನು ಹಾಕಲು ಇಂಜಿನ್‌ನ ಒಂದು ಬದಿಯನ್ನೇ ಬಿಚ್ಚಬೇಕು. ಅದು ನಿಜವಾಗಿ ಆಗಿದ್ದರೆ ಬಿಲ್‌ನಲ್ಲಿ ಟೆನ್ಷನರ್ (ಬೆಲ್ಟ್ ಬಿಗಿಯಾಗಿ ಹಿಡಿಯುವ ರಾಟೆ), ಐಡ್ಲರ್ (ಬೆಲ್ಟ್‌ಗೆ ದಾರಿ ಕೊಡುವ ರಾಟೆ), ವಾಟರ್ ಪಂಪ್ ಇವುಗಳಲ್ಲಿ ಒಂದಾದರೂ ಸಾಮಾನ್ಯವಾಗಿ ಇರುತ್ತೆ, ಲೇಬರ್ ಕೂಡ ದೊಡ್ಡದಿರುತ್ತೆ. ಪಾರ್ಟ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು. ಸ್ಪೇರ್ ಪಾರ್ಟ್ಸ್ ಕೌಂಟರ್‌ನಲ್ಲಿ ನಿಮ್ಮ ಚಾಸಿ ನಂಬರ್ ಕೊಟ್ಟು ತಾಳೆ ನೋಡಿಸಿ. ಹೊಂದದಿದ್ದರೆ ಬೆಲ್ಟ್ ಬದಲಾಗಿಲ್ಲ ಅಂತಲೇ ಲೆಕ್ಕ. ಗಾಡಿ ತಗೊಂಡು ಎಷ್ಟು ದಿನ ಆಯಿತು ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ.

ಇಷ್ಟು ಗಟ್ಟಿಯಾಗಿ ಯಾಕೆ ಹೇಳುತ್ತೇನೆ ಅಂದರೆ, ಈ ಬೆಲ್ಟ್ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಮತ್ತು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಎರಡನ್ನೂ ಜೋಡಿಸಿ ಇಟ್ಟಿರುತ್ತೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಇಂಜಿನ್ 3,000 ಆರ್‌ಪಿಎಂನಲ್ಲಿರುವಾಗ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತೆ. ಹೆಚ್ಚಿನ ಇಂಜಿನ್‌ಗಳಲ್ಲಿ ತೆರೆದ ವಾಲ್ವ್ ಇಳಿದು ಬರುವ ಜಾಗಕ್ಕೇ ಪಿಸ್ಟನ್ ಕೂಡ ಏರಿ ಬರುತ್ತೆ, ಬೇರೆ ಬೇರೆ ಹೊತ್ತಿಗೆ. ಬೆಲ್ಟ್ ಹರಿದರೆ, ಇಲ್ಲವೇ ಕೆಲವು ಹಲ್ಲು ಜಿಗಿದರೆ, ಆ ಹೊತ್ತು ತಪ್ಪುತ್ತೆ. ಪಿಸ್ಟನ್ ವಾಲ್ವ್‌ಗೆ ಗುದ್ದಿ ವಾಲ್ವ್ ಬೆಂಡ್ ಆಗುತ್ತೆ, ಹೆಡ್ (ವಾಲ್ವ್‌ಗಳಿರುವ ಇಂಜಿನ್‌ನ ಮೇಲ್ಭಾಗ) ಇಳಿಸಬೇಕಾಗುತ್ತೆ. ಬೆಲ್ಟ್ ಹರಿದರೂ ಒಂದಕ್ಕೊಂದು ತಾಗದ ಇಂಜಿನ್‌ಗಳೂ ಇವೆ, ಅವು ಬರೀ ಆಫ್ ಆಗಿ ನಿಲ್ಲುತ್ತವೆ. ನಿಮ್ಮದು ಯಾವ ಜಾತಿ ಅಂತ ತಿಳಿಯದೆ ಅದರ ಭರವಸೆಯಲ್ಲಿ ಕೂರಬೇಡಿ. ಡೀಸೆಲ್ ಆದರೆ ತಾಗುತ್ತೆ ಅಂತಲೇ ಇಟ್ಟುಕೊಳ್ಳಿ.

ಪ್ರಶ್ನೆ: ಸರ್, ನನ್ನ ಗಾಡಿಗೂ ಏಳು ವರ್ಷ. ಗ್ಯಾರೇಜ್‌ನಲ್ಲಿ ಮೇಲಿನ ಕವರ್ ತೆಗೆದು ನೋಡಿ ‘ಒಂದು ಬಿರುಕೂ ಇಲ್ಲ, ಹೊಸದರ ಹಾಗಿದೆ, ಇನ್ನೂ ಎರಡು ವರ್ಷ ಬರುತ್ತೆ’ ಅಂದರು. ನೋಡಿ ಹೇಳಿದ್ದನ್ನು ನಂಬಬಹುದಲ್ಲವಾ?

ಉತ್ತರ: ನಾನು ನಂಬಲ್ಲ. ಹಿಂದಿನ ಕಾಲದ ನಿಯೋಪ್ರೀನ್ ಬೆಲ್ಟ್‌ಗಳು ಹಳೆಯದಾದಂತೆ ಬಿರುಕು ಬಿಡುತ್ತಿದ್ದವು, ನೋಡಿ ಹೇಳಬಹುದಿತ್ತು. ಈಗಿನವು ಹೆಚ್ಚಾಗಿ ಎಚ್‌ಎನ್‌ಬಿಆರ್ ಅನ್ನೋ ರಬ್ಬರಿನವು, ಶಾಖ ಮತ್ತು ಎಣ್ಣೆ ತಡೆಯುವ ಶಕ್ತಿ ಜಾಸ್ತಿ. ಆಯಸ್ಸು ಮುಗಿಯುವ ಹಂತದಲ್ಲೂ ಬೆನ್ನು ನುಣ್ಣಗೇ ಕಾಣಬಹುದು. ನಿಜವಾದ ಬಲ ಇರುವುದು ಒಳಗಿನ ಗ್ಲಾಸ್ ಫೈಬರ್ ಎಳೆಗಳಲ್ಲಿ ಮತ್ತು ಹಲ್ಲಿನ ಬುಡದಲ್ಲಿ. ಮೇಲಿನ ಕವರ್ ತೆಗೆದರೆ ಬೆನ್ನಿನ ಒಂದು ತುಂಡು ಕಾಣುತ್ತೆ ಅಷ್ಟೇ, ಎಳೆ ಕಾಣಲ್ಲ.

ಕವರ್ ತೆಗೆದು ನೋಡುವುದೇ ವ್ಯರ್ಥ ಅಂತಲ್ಲ. ಬೆಲ್ಟ್ ಮೇಲೆ ಎಣ್ಣೆ ಪಸೆ, ಕೂಲೆಂಟ್ ಕಲೆ, ಅಂಚು ಸವೆದು ನೂಲು ಬಂದಿರುವುದು, ಕವರ್ ಒಳಗೆ ಕಪ್ಪು ಪುಡಿ ಇವು ಕಂಡರೆ ಅವಧಿ ಬಾಕಿ ಇದ್ದರೂ ಬದಲಾಯಿಸಬೇಕು. ಅಂದರೆ ನೋಡುವುದರಿಂದ ‘ಬೇಗ ಬದಲಾಯಿಸಿ’ ಅನ್ನೋ ತೀರ್ಮಾನಕ್ಕೆ ಬರಬಹುದು, ‘ತಡವಾದರೂ ನಡೆಯುತ್ತೆ’ ಅನ್ನೋದಕ್ಕೆ ಬರಲಾಗದು. ಸದ್ದಿನ ಮಾತೂ ಹೀಗೆಯೇ. ಗೊರ್ ಅನ್ನುವ ಸದ್ದು ಬಂದರೆ ಅದು ಟೆನ್ಷನರ್‌ದೋ ವಾಟರ್ ಪಂಪ್ ಬೇರಿಂಗ್‌ದೋ ಆಗಿರಬಹುದು, ತಕ್ಷಣ ತೋರಿಸಿ. ಬೆಲ್ಟ್ ಮಾತ್ರ ಎಷ್ಟೋ ಸಲ ಒಂದು ಸದ್ದೂ ಮಾಡದೆ ಹೋಗುತ್ತೆ.

ಪ್ರಶ್ನೆ: ನನ್ನದು ಬರೀ ಸಿಟಿ ಟ್ರಾಫಿಕ್ ಓಡಾಟ. ದಿನಕ್ಕೆ ಕಿಲೋಮೀಟರ್ ತುಂಬಾ ಕಮ್ಮಿ. ಬೆಲ್ಟ್ ಜಾಸ್ತಿ ಬಾಳಿಕೆ ಬರಬೇಕಲ್ಲವಾ?

ಉತ್ತರ: ಬರಲ್ಲ. ಹೈವೇಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗ, ಇಂಜಿನ್ 2,000 ಆರ್‌ಪಿಎಂ ಅಂತ ಇಟ್ಟುಕೊಳ್ಳಿ. ಒಂದು ಗಂಟೆಯಲ್ಲಿ ಕ್ರ್ಯಾಂಕ್ 1,20,000 ಸುತ್ತು ತಿರುಗಿತು, ಅಂದರೆ ಕಿಲೋಮೀಟರಿಗೆ 1,500 ಸುತ್ತು. ಟ್ರಾಫಿಕ್‌ನಲ್ಲಿ ನಿಂತು ನಿಂತು ಗಂಟೆಗೆ 15 ಕಿಲೋಮೀಟರ್ ಹೋದಿರಿ, ಸರಾಸರಿ 1,300 ಆರ್‌ಪಿಎಂ. ಅದು 78,000 ಸುತ್ತು, ಕಿಲೋಮೀಟರಿಗೆ 5,200. ಅದೇ ಒಂದು ಕಿಲೋಮೀಟರಿಗೆ ಬೆಲ್ಟ್ ಮೂರು ಪಟ್ಟಿಗಿಂತ ಜಾಸ್ತಿ ದುಡಿದಿದೆ, ಅದೂ ಗಾಳಿ ಆಡದ ಬಿಸಿಯಲ್ಲಿ. ಮೀಟರ್‌ಗೆ ಇದು ಗೊತ್ತಾಗಲ್ಲ. ಧೂಳು, ವಿಪರೀತ ಸೆಕೆ, ಸದಾ ಟ್ರಾಫಿಕ್ ಇರುವ ಓಡಾಟಕ್ಕೆ ಕೆಲವು ಕಂಪನಿಗಳು ಮ್ಯಾನುಯಲ್‌ನಲ್ಲೇ ಕಡಿಮೆ ಅವಧಿ ಬೇರೆಯಾಗಿ ಕೊಟ್ಟಿರುತ್ತವೆ. ಹುಡುಕಿ ಓದಿ, ನಿಮಗೆ ಸಲ್ಲುವುದು ಆ ಸಾಲು.

ಪ್ರಶ್ನೆ: ಬೆಲ್ಟ್ ಒಂದೇ ಹಾಕಿಸಿದರೆ ಸಾಲದಾ? ಪೂರ್ತಿ ಕಿಟ್ ಹಾಕಿ ಅಂತಿದ್ದಾರೆ.

ಉತ್ತರ: ಕಿಟ್ ಹಾಕಿಸಿ. ಟೆನ್ಷನರ್, ಐಡ್ಲರ್ ಬೇರಿಂಗ್‌ಗಳು ಬೆಲ್ಟ್‌ನಷ್ಟೇ ಓಡಿವೆ. ಅವುಗಳಲ್ಲಿ ಒಂದು ಜಾಮ್ ಆದರೆ ಹೊಸ ಬೆಲ್ಟೂ ಹರಿಯುತ್ತೆ. ವಾಟರ್ ಪಂಪ್ ಅದೇ ಬೆಲ್ಟ್‌ನಿಂದ ತಿರುಗುವ ಇಂಜಿನ್ ಆದರೆ ಅದನ್ನೂ ಸೇರಿಸಿ. ಆಮೇಲೆ ಪಂಪ್ ಲೀಕ್ ಆದರೆ ಇದೇ ಬಿಚ್ಚುವ ಕೆಲಸ ಮತ್ತೆ ಮೊದಲಿನಿಂದ. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್‌ನಲ್ಲಿ ಒಸರುವಿಕೆ ಕಂಡರೆ ಆಗಲೇ ಬದಲಾಯಿಸಬೇಕು, ಎಣ್ಣೆ ಬಿದ್ದ ಬೆಲ್ಟ್ ಬೇಗ ಹಾಳಾಗುತ್ತೆ. ಇನ್ನೊಂದು ಮಾತು: ಬೇರೆ ಕೆಲಸಕ್ಕೆ ಬಿಚ್ಚಿದ ಹಳೆ ಬೆಲ್ಟನ್ನು ವಾಪಸ್ ಹಾಕಲು ಬಿಡಬೇಡಿ.

ಪ್ರಶ್ನೆ: ನಮ್ಮದು ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವ ಇಂಜಿನ್. ನಮಗೆ ಈ ಚಿಂತೆ ಇಲ್ಲ ತಾನೇ?

ಉತ್ತರ: ಅವಧಿಯ ಚಿಂತೆ ಸಾಮಾನ್ಯವಾಗಿ ಇಲ್ಲ, ಆಯಿಲ್ ಚಿಂತೆ ಇದೆ. ಆಯಿಲ್ ಬದಲಾವಣೆ ತಡವಾದರೆ ಚೈನ್ ಸವೆದು ಉದ್ದವಾಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಬಂದರೆ, ಅಥವಾ ಸ್ಕ್ಯಾನ್‌ನಲ್ಲಿ ಪಿ0016 ಕೋಡ್ (ಕ್ರ್ಯಾಂಕ್, ಕ್ಯಾಮ್ ಹೊಂದಾಣಿಕೆ ತಪ್ಪಿದೆ ಅಂತ) ಬಂದರೆ ತೋರಿಸಿ. ಮತ್ತೆ, ಅದು ಚೈನೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಇಂಜಿನ್ ಆಯಿಲ್‌ನಲ್ಲೇ ಓಡುವ ಬೆಲ್ಟ್ ಇರುವ ಇಂಜಿನ್‌ಗಳೂ ಇವೆ, ಹೊರಗಿನಿಂದ ಚೈನ್ ಇಂಜಿನ್ ಹಾಗೇ ಕಾಣುತ್ತವೆ. ಅವುಗಳಲ್ಲಿ ಕಂಪನಿ ಹೇಳಿದ ದರ್ಜೆಯ ಆಯಿಲ್ ಬಿಟ್ಟು ಬೇರೆ ಹಾಕಿದರೆ ಬೆಲ್ಟ್ ಉದುರಿ, ಆ ಚೂರು ಆಯಿಲ್ ಪಂಪ್‌ನ ಜಾಲರಿಗೆ ಕಟ್ಟಿಕೊಳ್ಳಬಹುದು.

ಪ್ರಶ್ನೆ: ಓಡುವಾಗಲೇ ಹರಿದರೆ ಏನು ಮಾಡಬೇಕು ಸರ್?

ಉತ್ತರ: ಇಂಜಿನ್ ಆಫ್ ಆಗುತ್ತೆ, ಸ್ಟೀರಿಂಗ್ ಭಾರ ಆಗಬಹುದು, ಬ್ರೇಕ್ ಬೂಸ್ಟರ್ ಒಂದೆರಡು ಸಲಕ್ಕೆ ಮಾತ್ರ ಸಹಾಯ ಮಾಡುತ್ತೆ. ಬ್ರೇಕನ್ನು ಮತ್ತೆ ಮತ್ತೆ ಒತ್ತದೆ ಒಂದೇ ಸಮ ಒತ್ತಿ ಬದಿಗೆ ತನ್ನಿ, ಹಜಾರ್ಡ್ ಲೈಟ್ ಹಾಕಿ. ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲೂ ಹೋಗಬೇಡಿ. ಬಾಗದೆ ಉಳಿದ ವಾಲ್ವ್ ಇದ್ದರೆ ಅದೂ ಬಾಗುತ್ತೆ. ಟೋ ಮಾಡಿಸಿ.

ಪ್ರಶ್ನೆ (ಮೊದಲು ಕೇಳಿದವರು): ಸರ್, ಪಾರ್ಟ್ ನಂಬರ್ ತಾಳೆ ನೋಡಿಸಿದೆ. ಅದು ಫ್ಯಾನ್ ಬೆಲ್ಟ್‌ದೇ. ಮುಂದಿನ ವಾರ ದೂರದ ಪ್ರಯಾಣ ಇದೆ. ಬಂದ ಮೇಲೆ ಮಾಡಿಸಲಾ?

ಉತ್ತರ: ಬೇಡ ಮೇಡಂ, ಮಾಡಿಸಿಕೊಂಡೇ ಹೋಗಿ. ಆಗಲಿಲ್ಲ ಅಂದರೆ ಈ ಸಲ ಬೇರೆ ಗಾಡಿಯಲ್ಲಿ ಹೋಗಿ. ಕೆಲಸ ಕೊಡುವಾಗ ಎರಡು ವಿಷಯ ಹೇಳಿ. ಬೆಲ್ಟ್ ಹಾಕಿ, ಕ್ರ್ಯಾಂಕ್ ಮತ್ತು ಕ್ಯಾಮ್‌ನ ಹೊಂದಾಣಿಕೆ ತೋರಿಸುವ ಮಾರ್ಕ್ ಕೂರಿಸಿದ ಮೇಲೆ, ಸೆಲ್ಫ್ ಹೊಡೆಯುವ ಮೊದಲು, ಕ್ರ್ಯಾಂಕನ್ನು ಪಾನಾ ಹಾಕಿ ಕೈಯಲ್ಲೇ ಪೂರ್ತಿ ಎರಡು ಸುತ್ತು ತಿರುಗಿಸಿ ಮಾರ್ಕ್‌ಗಳನ್ನು ಮತ್ತೆ ನೋಡಬೇಕು. ಒಂದು ಹಲ್ಲು ಆಚೀಚೆ ಆಗಿದ್ದರೆ ಆಗಲೇ ಸಿಗುತ್ತೆ. ಎರಡನೆಯದು, ಹಳೆ ಸಾಮಾನು ಮತ್ತು ಪಾರ್ಟ್ ನಂಬರ್ ಬರೆದ ಬಿಲ್ ಕೇಳಿ ತಗೊಳ್ಳಿ. ತಾರೀಖು, ಕಿಲೋಮೀಟರ್ ಬರೆದ ಸ್ಟಿಕ್ಕರ್ ಒಂದನ್ನು ಬಾನೆಟ್ ಒಳಗೆ ಅಂಟಿಸಲು ಹೇಳಿ.