ಎರಡನೇ ರೇಸಿಗೆ ಮಾತ್ರ ನನ್ನ ಲೇಸರ್ ಭಾರ ಆಗ್ತಿದೆ, ಯಾಕೆ?

ಹಿನ್ನೀರು_ಹಾಯಿ (ಕುಶಾಲನಗರ):

ಎಲ್ಲರಿಗೂ ನಮಸ್ಕಾರ. ಹಾರಂಗಿ ಹಿನ್ನೀರಿನ ದಡದಲ್ಲಿ ನಮ್ಮದು ಏಳೇ ಹಾಯಿದೋಣಿಯ ಪುಟ್ಟ ಕ್ಲಬ್ಬು. ಒಬ್ಬರೇ ಓಡಿಸುವ ಲೇಸರ್ ನಾಲ್ಕು, ಮಕ್ಕಳ ಆಪ್ಟಿಮಿಸ್ಟ್ ಎರಡು, ಇಬ್ಬರು ಓಡಿಸುವ ಮುಪ್ಪಾದ ಎಂಟರ್‌ಪ್ರೈಸ್ ಒಂದು. ಮಳೆ ಬಿಟ್ಟು ನೀರು ತುಂಬಿರುವಾಗ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಹುತ್ತರಿ ತನಕ, ಪ್ರತಿ ಭಾನುವಾರ ಎರಡು ರೇಸ್ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಎಂಟಕ್ಕೆ ಒಂದು. ಆಮೇಲೆ ದಡಕ್ಕೆ ಬಂದು ತಿಂಡಿ, ಕಾಫಿ, ಹರಟೆ. ಹನ್ನೊಂದೂವರೆಗೆ ಇನ್ನೊಂದು.

ನನ್ನ ತೊಂದರೆ ಹೇಳ್ತೀನಿ. ಮೊದಲ ರೇಸಿನಲ್ಲಿ ಎರಡನೆಯವನೋ ಮೂರನೆಯವನೋ ಆಗಿ ಬರುತ್ತೇನೆ. ಎರಡನೇ ರೇಸಿನಲ್ಲಿ ಕಡೆ. ಮಕ್ಕಳನ್ನು ಕೂರಿಸಿಕೊಂಡು ಎಂಟರ್‌ಪ್ರೈಸ್ ಓಡಿಸುವ ನಮ್ಮ ಮಾವನೂ ಕೈ ಬೀಸಿ ದಾಟಿ ಹೋಗುತ್ತಾರೆ. ಗಾಳಿ ಜೋರಾದಾಗ ಬೇರೆ ಲೇಸರ್‌ಗಳು ಮೂಗು ಎತ್ತಿ ನೀರಿನ ಮೇಲೆ ಜಾರುತ್ತವೆ. ನನ್ನದು ಕೆಸರಿನಿಂದ ಏಳಲು ಮನಸ್ಸಿಲ್ಲದ ಎಮ್ಮೆ ಹಾಗೆ ಹೋಗುತ್ತದೆ. ಇನ್ನೊಂದು ವಿಷಯ. ಜೈಬ್ ಮಾಡಿದಾಗ, ಅಂದರೆ ಹಿಂಗಾಳಿಯಲ್ಲಿ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದಕ್ಕೆ ತಿರುಗಿಸಿದಾಗ, ದೋಣಿ ವಾಲಿ ನೆಟ್ಟಗಾದ ಮೇಲೆ, ಒಂದು ಕ್ಷಣ ಬಿಟ್ಟು ಮತ್ತೆ ತಾನಾಗಿಯೇ ವಾಲುತ್ತದೆ.

ದೋಣಿ ಸುಮಾರು 20 ವರ್ಷದ್ದು, ಸೆಕೆಂಡ್ ಹ್ಯಾಂಡ್. ದೊಡ್ಡ ಹಾಯಿ, ಈಗ ಐಎಲ್‌ಸಿಎ 7 ಅಂತಾರಲ್ಲ, ಅದು. ಹಾಯಿಗೆ ನಾಲ್ಕು ವರ್ಷ ಆಯ್ತು. ನನ್ನ ತೂಕ 74 ಕೆಜಿ. ಹೊಸ ಹಾಯಿ ತಗೋಬೇಕಾ? ಮನೆಯಲ್ಲಿ ದುಡ್ಡು ಕೇಳುವ ಮೊದಲು ಇಲ್ಲಿ ಕೇಳೋಣ ಅನಿಸಿತು.

ಗಾಳಿ_ಗುರು (ಬೆಂಗಳೂರು):

ಇದು ದೋಣಿ ಕಥೆ ಅಲ್ಲ, ಗಾಳಿ ಕಥೆ. ಗುಡ್ಡದ ನಡುವಿನ ನೀರಿನಲ್ಲಿ ಬಿಸಿಲೇರಿದ ಮೇಲೆ ಗಾಳಿ ಒಂದು ಕಡೆ ನಿಲ್ಲುವುದಿಲ್ಲ. ಬೆಳಿಗ್ಗೆ ಸರಿ ಇದ್ದ ದಾರಿ ಮಧ್ಯಾಹ್ನಕ್ಕೆ ತಪ್ಪು. ನೀವು ಬಹುಶಃ ಬೆಳಿಗ್ಗೆ ಹೋದ ದಡದ ಕಡೆಗೇ ಎರಡನೇ ಸಲವೂ ಹೋಗ್ತಿದ್ದೀರಿ. ಗಾಳಿ ಹೆಚ್ಚಾದರೆ ಹಾಯಿ ಚಪ್ಪಟೆ ಮಾಡುವ ಹಗ್ಗಗಳನ್ನು, ಅಂದರೆ ವ್ಯಾಂಗ್, ಕನಿಂಗ್‌ಹ್ಯಾಮ್ ಎರಡನ್ನೂ ಎಳೆಯಿರಿ. ದೋಣಿಯ ತಳದಿಂದ ನೀರಿಗಿಳಿಯುವ ಹಲಗೆಗೆ, ಅಂದರೆ ಸೆಂಟರ್‌ಬೋರ್ಡಿಗೆ, ಜೊಂಡು ಸುತ್ತಿಕೊಂಡಿದೆಯಾ ಅಂತಲೂ ನೋಡಿ.

ಹಿನ್ನೀರು_ಹಾಯಿ:

ಸರ್, ಇದೇ ಅನುಮಾನ ನನಗೂ ಇತ್ತು. ಅದಕ್ಕೇ ಹೋದ ಭಾನುವಾರ ಎರಡನೇ ರೇಸಿಗೆ ನನ್ನ ಚಿಕ್ಕಪ್ಪನ ಮಗನ ಜೊತೆ ದೋಣಿ ಬದಲಾಯಿಸಿದೆ. ಅವನು ನಮ್ಮಲ್ಲೇ ಜೋರು. ನನ್ನ ದೋಣಿಯಲ್ಲಿ ಅವನು ಕಡೆ ಬಂದ. ಅವನ ದೋಣಿಯಲ್ಲಿ ನಾನು ಎರಡನೆಯವನಾದೆ. ದಡಕ್ಕೆ ಬಂದು ಅವನು ಹೇಳಿದ್ದು ಒಂದೇ ಮಾತು: "ಇದನ್ನು ಹೇಗೆ ಓಡಿಸ್ತೀಯ ಮಾರಾಯ?"

ಬೋರ್ಡ್ ನೋಡಿದೆ, ಜೊಂಡು ಇಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಮರದ ಬೊಡ್ಡೆಗೆ ತಾಗಿ ತುದಿಯಲ್ಲಿ ಸ್ವಲ್ಪ ಚಕ್ಕೆ ಎದ್ದಿದೆ. ಆದರೆ ಆ ಚಕ್ಕೆ ಮೊದಲ ರೇಸಿನಲ್ಲೂ ಇರುತ್ತದಲ್ವಾ?

ಹಳೇ_ಲೇಸರ್ (ಮೈಸೂರು):

ತಮ್ಮಾ, ಹಾಯಿ ಬಿಡು, ವ್ಯಾಂಗ್ ಬಿಡು. ನೀನು ಸುಮ್ನೆ ಕೊನೆಗೆ ಸೇರಿಸಿದ ಸಾಲಿನಲ್ಲೇ ಉತ್ತರ ಇದೆ. ಒಂದು ಕ್ಷಣ ಬಿಟ್ಟು ಮತ್ತೆ ವಾಲುತ್ತದೆ ಅಂದೆಯಲ್ಲ? ಅರ್ಧ ತುಂಬಿದ ಕೊಡ ಹೊತ್ತು ನಡೆದವರಿಗೆ ಇದು ಗೊತ್ತು. ಹಲ್ ಒಳಗೆ, ಅಂದರೆ ದೋಣಿಯ ಪೊಳ್ಳು ಒಡಲೊಳಗೆ, ನೀರು ಹೋಗಿದೆ. ದೋಣಿ ವಾಲಿದ ಕಡೆಗೆ ನೀರು ತಡವಾಗಿ ಓಡಿ ಬರುತ್ತದೆ.

ಲೇಸರ್‌ನ ಬರೀ ಹಲ್ 59 ಕೆಜಿ ಆಸುಪಾಸು. ಹತ್ತು ಲೀಟರ್ ನೀರು ಸೇರಿದರೆ ಹತ್ತು ಕೆಜಿ ಜಾಸ್ತಿ, ಅದೂ ಅಲುಗಾಡುವ ಹತ್ತು ಕೆಜಿ. ಅದು ಇರುವಾಗ ದೋಣಿ ಎದ್ದು ಜಾರುವುದು ಕಷ್ಟ. ಊಹೆ ಬೇಡ, ತೂಗು. ನಿಮ್ಮ ಊರಲ್ಲಿ ತಕ್ಕಡಿಗೆ ಏನು ಬರ?

ತೋಟದ_ಮನೆ (ಗೊರೂರು):

ತೂಗುವುದೆಲ್ಲ ಆಮೇಲೆ. ಎಂ-ಸೀಲ್ ತಂದು ಕಣ್ಣಿಗೆ ಕಂಡ ಬಿರುಕು, ತೂತು ಎಲ್ಲದಕ್ಕೂ ಒತ್ತಿ ಬಿಡಿ. ನಾನು ಹಾಗೇ ಮಾಡಿದ್ದು. ಅರ್ಧ ದಿನದ ಕೆಲಸ.

ಹಿನ್ನೀರು_ಹಾಯಿ:

ಕಾಫಿ ಮೂಟೆ ತೂಗುವ ತಕ್ಕಡಿಯನ್ನು ಜೀಪಿನಲ್ಲಿ ಹಾಕಿಕೊಂಡು ದಡಕ್ಕೆ ಹೋದೆ. ಎಲ್ಲರೂ ನಕ್ಕರು. ಮೇಲೆ ಎರಡು ಹಲಗೆ ಇಟ್ಟು, ಅದರ ತೂಕ ಕಳೆದು, ಮಾಸ್ಟು (ಹಾಯಿ ಕಂಬ), ಬೋರ್ಡು ಏನೂ ಇಲ್ಲದೆ ಬರೀ ಹಲ್ ತೂಗಿದೆ. ಬೆಳಿಗ್ಗೆ ನೀರಿಗಿಳಿಸುವ ಮೊದಲು 62 ಕೆಜಿ. ಮೊದಲ ರೇಸ್ ಮುಗಿದ ಮೇಲೆ 62.5. ಎರಡನೆಯದು ಮುಗಿದ ಮೇಲೆ 73! ಆಮೇಲೆ ಯಾರೂ ನಗಲಿಲ್ಲ.

ಹಿಂದಿನ ಬಿರಡೆ ಬಿಚ್ಚಿ ಮೂತಿ ಎತ್ತಿ ಹಿಡಿದೆವು. ಬಕೆಟ್ ತುಂಬಿ ಚೆಲ್ಲುವಷ್ಟು ನೀರು ಬಂತು.

ಬಿರಡೆಯ ವಾಷರ್ ಹೊಸದು ಹಾಕಿ ನೋಡಿದೆ. ಕಾಲಿಡುವ ಗುಂಡಿಯ ನೀರು ಹೊರಹಾಕುವ ಬೇಲರ್ ಸುತ್ತ ನೋಡಿದೆ. ಚುಕ್ಕಾಣಿ ಕೂರುವ ಸ್ಕ್ರೂಗಳನ್ನೂ ಬಿಗಿ ಮಾಡಿದೆ. ಮುಂದಿನ ಭಾನುವಾರವೂ ಅದೇ ಕಥೆ. ಹಳೇ ಲೇಸರ್ ಅಣ್ಣ, ನೀರು ಇದೆ ಅಂತ ಗೊತ್ತಾಯ್ತು. ಎಲ್ಲಿಂದ ಅಂತ ಹೇಗೆ ಹುಡುಕೋದು?

ಫೈಬರ್_ಕೈ (ಮಂಗಳೂರು):

ನಾನು ಫೈಬರ್ ದೋಣಿ ರಿಪೇರಿ ಮಾಡುವವಳು, ಮೀನುಗಾರಿಕೆ ದೋಣಿಗಳೇ ಜಾಸ್ತಿ. ನೀರು ಎಲ್ಲಿಂದ ಅನ್ನುವ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು. ತೂತು ಅದೇ, ಕೆರೆ ಅದೇ, ರೇಸಿನ ಉದ್ದ ಅದೇ. ಹಾಗಿದ್ದರೆ ಮೊದಲ ರೇಸಿನಲ್ಲಿ ಅರ್ಧ ಲೀಟರು, ಎರಡನೆಯದರಲ್ಲಿ ಹತ್ತು ಲೀಟರು ಯಾಕೆ? ನಡುವೆ ಏನಾಗುತ್ತದೆ? ನೀವು ತಿಂಡಿ ತಿನ್ನುವಾಗ ದೋಣಿ ಎಲ್ಲಿರುತ್ತದೆ, ನೆರಳಲ್ಲೋ ಬಿಸಿಲಲ್ಲೋ?

ಹಿನ್ನೀರು_ಹಾಯಿ:

ಬಿಸಿಲಲ್ಲೇ ಅಕ್ಕ. ಮಾಸ್ಟ್ ಸಮೇತ ದಡಕ್ಕೆ ಎಳೆದು ಹಾಯಿ ಮಾತ್ರ ಸುತ್ತಿಡುತ್ತೇವೆ. ಎರಡೂವರೆ ಗಂಟೆ ಹಾಗೇ ಇರುತ್ತದೆ. ಡೆಕ್ಕಿನ ಮೇಲೆ ಕೈ ಇಟ್ಟರೆ ಸುಡುತ್ತದೆ.

ಫೈಬರ್_ಕೈ:

ಅಷ್ಟೇ ಬೇಕಿತ್ತು. ಹಲ್ ಒಳಗೆ ನೂರಾರು ಲೀಟರ್ ಗಾಳಿ ಇರುತ್ತದೆ. ಬಿಸಿಲಿಗೆ ಅದು ಹಿಗ್ಗುತ್ತದೆ. ಆಮೇಲೆ ನೀವು ಕಾದ ದೋಣಿಯನ್ನು ತಣ್ಣನೆ ನೀರಿಗೆ ತಳ್ಳುತ್ತೀರಿ. ಗಾಳಿ ಕುಗ್ಗುತ್ತದೆ. 20 ಡಿಗ್ರಿ ತಣ್ಣಗಾದರೆ ಸುಮಾರು 6% ಕುಗ್ಗುತ್ತದೆ. ನೂರಾರು ಲೀಟರಿಗೆ 6% ಎಷ್ಟಾಯ್ತು, ನೀವೇ ಲೆಕ್ಕ ಹಾಕಿ. ಆ ಖಾಲಿ ಜಾಗಕ್ಕೆ ಏನಾದರೂ ಒಳಗೆ ಬರಲೇಬೇಕು. ಹೊರಗಿನ ಗಾಳಿಗೆ ದಾರಿ ಇದ್ದರೆ ಗಾಳಿ ಬರುತ್ತದೆ. ಇಲ್ಲದಿದ್ದರೆ ಕೂದಲೆಳೆ ಬಿರುಕಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ, ಸ್ಟ್ರಾದಲ್ಲಿ ಎಳನೀರು ಹೀರಿದ ಹಾಗೆ. ಬೆಳಿಗ್ಗೆ ದೋಣಿಯೂ ತಣ್ಣಗೆ, ನೀರೂ ತಣ್ಣಗೆ. ಅದಕ್ಕೇ ಮೊದಲ ರೇಸಿನಲ್ಲಿ ತೊಂದರೆ ಇಲ್ಲ.

ಇದಕ್ಕೆಂದೇ ಲೇಸರ್‌ನಲ್ಲಿ ಉಸಿರಾಡುವ ತೂತು ಒಂದು ಇಟ್ಟಿದ್ದಾರೆ. ಕಾಕ್‌ಪಿಟ್‌ನ (ಕಾಲಿಡುವ ಗುಂಡಿಯ) ಮುಂದಿನ ಗೋಡೆಯಲ್ಲಿ, ಡೆಕ್ಕಿನ ತುಟಿಯ ಕೆಳಗೆ. ತುಂಬ ಸಣ್ಣದು, ಬಗ್ಗಿ ಟಾರ್ಚ್ ಹಾಕಿ ನೋಡಬೇಕು. ಅದು ತೆರೆದಿದೆಯಾ ನೋಡಿ. ಇನ್ನೊಂದು ಮಾತು. ತಿಂಡಿ ಹೊತ್ತಿನಲ್ಲಿ ದೋಣಿ ಹತ್ತಿರ ಏನಾದರೂ ಶಬ್ದ ಕೇಳಿದ ನೆನಪಿದೆಯಾ?

ಹಿನ್ನೀರು_ಹಾಯಿ:

ಅಕ್ಕ, ಕೈ ಮುಗಿದೆ. ಶಬ್ದ ಇತ್ತು! ಮಾಸ್ಟಿನ ಬುಡದಲ್ಲಿ ಗುಳುಗುಳು ಅನ್ನುತ್ತಿತ್ತು. ಮಳೆಗಾಲದಲ್ಲಿ ದೋಣಿ ಶೆಡ್ಡಿನಲ್ಲಿತ್ತಲ್ಲ, ಕಪ್ಪೆ ಸೇರಿಕೊಂಡಿರಬೇಕು ಅಂದುಕೊಂಡು ಬಿಟ್ಟಿದ್ದೆ.

ತೂತು ಹುಡುಕಿದೆ. ಮೊದಲು ಕಾಣಲೇ ಇಲ್ಲ, ಯಾಕೆಂದರೆ ಅಲ್ಲಿ ತೂತೇ ಇರಲಿಲ್ಲ, ಒಂದು ಸಣ್ಣ ಮಣ್ಣಿನ ಬೊಟ್ಟು ಇತ್ತು. ಕುಂಬಾರ ಹುಳ ಗೂಡು ಕಟ್ಟಿದೆ! ಜೂನ್‌ನಿಂದ ಸೆಪ್ಟೆಂಬರ್ ತನಕ ದೋಣಿ ಮುಟ್ಟಿಲ್ಲ, ಅದಕ್ಕೆ ಬೇಕಾದಷ್ಟು ಸಮಯ ಸಿಕ್ಕಿದೆ. ಹಿಡಿಸೂಡಿ ಕಡ್ಡಿಯಿಂದ ಮೆಲ್ಲಗೆ ಕೆರೆದೆ. ಒಣ ಮಣ್ಣಿನ ಜೊತೆ ಕಡಲೆಬೇಳೆಯಷ್ಟು ದೊಡ್ಡ ಸತ್ತ ಹಸಿರು ಹುಳವೂ ಉದುರಿತು. ಕಡ್ಡಿ ಒಳಗೆ ಹೋದ ಕೂಡಲೇ ಹಲ್ "ಉಸ್" ಅಂತು. ಆಗ ಹಗಲು ಹನ್ನೆರಡು ಗಂಟೆ. ನಿಜವಾಗಿ ಉಸಿರು ಬಿಟ್ಟ ಹಾಗೇ ಇತ್ತು.

ಈ ಭಾನುವಾರ ಎರಡನೇ ರೇಸಿನ ನಂತರ ತೂಕ 64. ಹನ್ನೊಂದು ಕೆಜಿ ಜಾಸ್ತಿ ಆಗುತ್ತಿದ್ದದ್ದು ಎರಡಕ್ಕೆ ಇಳಿಯಿತು. ಇಷ್ಟು ಸಾಕಾ, ಬಿಟ್ಟು ಬಿಡಲಾ?

ಹಳೇ_ಲೇಸರ್:

ಬಿಡಬೇಡ! ಎರಡು ಲೀಟರ್ ಬರುತ್ತಿದೆ ಅಂದರೆ ಬಿರುಕು ಹಾಗೇ ಇದೆ. ಹೀರುವುದು ನಿಂತಿದೆ, ಅಷ್ಟೇ. ಗುಳುಗುಳು ಎಲ್ಲಿ ಕೇಳಿತು ಅಂತ ನೀನೇ ಬರೆದಿದ್ದೀಯ. ಹಿಗ್ಗಿದ ಗಾಳಿ ಹೊರಬಂದ ದಾರಿಯೇ ನೀರು ಒಳಹೋಗುವ ದಾರಿ.

ಮಾಸ್ಟ್ ಕೂರುವ ಕೊಳವೆಯನ್ನು ಪರೀಕ್ಷೆ ಮಾಡು. ದೋಣಿಯನ್ನು ಸಮವಾಗಿ ನಿಲ್ಲಿಸು, ಮಾಸ್ಟ್ ತೆಗೆ, ಕೊಳವೆಗೆ ಕಂಠಮಟ್ಟ ನೀರು ಹುಯ್ಯಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕಾಫಿ ಕುಡಿದು ಬಾ. ನೀರು ಇಳಿದಿದ್ದರೆ ಕಳ್ಳ ಸಿಕ್ಕಿದ ಹಾಗೆ.

ಇದನ್ನು ಹಗುರವಾಗಿ ತಗೋಬೇಡ. ಲೇಸರ್‌ಗೆ ಮಾಸ್ಟ್ ಹಿಡಿಯುವ ತಂತಿಗಳಿಲ್ಲ. ಹಾಯಿಯ ಎಳೆತ ಎಲ್ಲ ಆ ಕೊಳವೆ ಮೇಲೇ ಬೀಳುತ್ತದೆ. ಬುಡ ಸಡಿಲವಾದರೆ ಒಂದು ದಿನ ಜೋರು ಗಾಳಿಗೆ ಮಾಸ್ಟ್ ಡೆಕ್ಕನ್ನೇ ಸೀಳಿಕೊಂಡು ಬರುತ್ತದೆ. ಕಣ್ಣಾರೆ ನೋಡಿದ್ದೇನೆ. ಆಮೇಲೆ ಆ ದೋಣಿಯಲ್ಲಿ ಹೂಗಿಡ ನೆಟ್ಟರು.

ಹಿನ್ನೀರು_ಹಾಯಿ:

ಅರ್ಧ ಗಂಟೆಯಲ್ಲಿ ಎರಡು ಬೆರಳು ಇಳಿಯಿತು. ಕೊಳವೆಯ ತಳಕ್ಕೆ ಬೆರಳು ಹಾಕಿ ಸವರಿದರೆ ಮರಳು. ಸುತ್ತ ಬಳೆಯ ಹಾಗೆ ಸವೆದಿದೆ, ಒಂದು ಕಡೆ ಉಗುರು ಸಿಕ್ಕಿಕೊಳ್ಳುತ್ತದೆ.

ಅಕ್ಕ, ಈಗ ರಿಪೇರಿ ಹೇಗೆ? ನಮ್ಮಲ್ಲಿ ಇನ್ನೂ ಸಂಜೆ ಹೊತ್ತು ಹನಿಯುತ್ತಿದೆ. ನಮ್ಮಪ್ಪ ಏಲಕ್ಕಿ ಗೂಡಿನಲ್ಲಿಟ್ಟು ಒಣಗಿಸು ಅಂತಿದ್ದಾರೆ. ಬಾಗಿಲು ಅಗಲ ಇದೆ, ದೋಣಿ ಹಿಡಿಸುತ್ತದೆ.

ಫೈಬರ್_ಕೈ:

ಅಪ್ಪನಿಗೆ ನಮಸ್ಕಾರ ಹೇಳಿ, ಆದರೆ ಏಲಕ್ಕಿ ಗೂಡು ಬೇಡವೇ ಬೇಡ. ಆ ಬಿಸಿಗೆ ಹಲ್ ಮೆತ್ತಗಾಗಿ ಸೊಟ್ಟಗಾಗಬಹುದು. ಡೆಕ್ಕಿನ ನಡುವೆ ಫೋಮ್ ಬೇರೆ ಇದೆ.

ಕಾಫಿ ಕಣ ಈಗ ಖಾಲಿ ಇರುತ್ತದಲ್ಲ? ಅರೇಬಿಕಾ ಕುಯ್ಲು ಶುರುವಾಗುವ ಮೊದಲೇ ಅಲ್ಲಿ ಇಡಿ. ಮಾಸ್ಟ್ ಕೊಳವೆಯ ಪಕ್ಕದಲ್ಲಿ, ಕೈ ಒಳಗೆ ಹೋಗುವ ಹಾಗೆ ಡೆಕ್ಕಿಗೆ ಒಂದು ಇನ್‌ಸ್ಪೆಕ್ಷನ್ ಹ್ಯಾಚ್, ಅಂದರೆ ಮುಚ್ಚಳದ ಕಿಂಡಿ, ಕೂರಿಸಿ. ಲೇಸರ್ ಕ್ಲಾಸ್ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಕತ್ತರಿಸುವಾಗ ಕೈ ನಡುಗುತ್ತದೆ, ಎಲ್ಲರಿಗೂ ನಡುಗುತ್ತದೆ. ಹ್ಯಾಚ್ ತೆರೆದು, ಬಿರಡೆ ತೆಗೆದು, ಸಣ್ಣ ಟೇಬಲ್ ಫ್ಯಾನಿನ ಗಾಳಿ ಒಳಗೆ ಹೋಗುವಂತೆ ಇಡಿ. ಒಂದು ದಿನ ಅಲ್ಲ, ವಾರಗಟ್ಟಲೆ. ಸಂಜೆಯ ಮೊದಲೇ ಟಾರ್ಪಲ್ ಹೊದೆಸಿ. ವಾರಕ್ಕೊಮ್ಮೆ ತೂಗಿ. ಎರಡು ವಾರ ತೂಕ ಬದಲಾಗದಿದ್ದರೆ ಒಣಗಿದೆ ಅಂತ.

ಆಮೇಲೆ ಕೊಳವೆಯ ಬುಡದ ಸುತ್ತ ಒಳಗಿನಿಂದ ಉಪ್ಪುಕಾಗದ ಉಜ್ಜಿ, ಎಪಾಕ್ಸಿಯಲ್ಲಿ ನೆನೆಸಿದ ಗ್ಲಾಸ್ ಬಟ್ಟೆಯ ಪಟ್ಟಿಗಳನ್ನು ಒಂದರ ಮೇಲೊಂದು ಹಚ್ಚಿ. ಮಧ್ಯಾಹ್ನವೇ ಹಚ್ಚಿ. ಕೊಡಗಿನ ಸಂಜೆಯ ತೇವಕ್ಕೆ ಎಪಾಕ್ಸಿ ಮೇಲೆ ಮೇಣದಂಥ ಪೊರೆ ಕೂರುತ್ತದೆ. ಅದನ್ನು ತೊಳೆದು ಉಜ್ಜದೆ ಮುಂದಿನ ಪದರ ಹಾಕಿದರೆ ಹಿಡಿಯುವುದಿಲ್ಲ. ಕೊಳವೆಯ ಒಳಗೆ ಮಾತ್ರ ದಪ್ಪ ಹಚ್ಚಬೇಡಿ. ಮಾಸ್ಟ್ ಕೂರುವ ಓರೆ ಬದಲಾಗಬಾರದು. ತಳಕ್ಕೆ ಸವೆತ ತಡೆಯುವ ತೆಳು ಪ್ಲಾಸ್ಟಿಕ್ ಬಿಲ್ಲೆ ಸಾಕು.

ಎಂ-ಸೀಲ್ ಅಂದವರಿಗೆ: ನೀರಿನ ಪೈಪಿಗೆ ಅದು ಒಳ್ಳೆಯದು, ನಮ್ಮ ಮನೆಯಲ್ಲೂ ಇದೆ. ಇಷ್ಟು ಎಳೆತ ಬೀಳುವ ಜಾಗಕ್ಕಲ್ಲ.

ಗಾಳಿ_ಗುರು:

ಒಪ್ಪಿದೆ, ಗಾಳಿ ಅಲ್ಲ. ಅಂದಹಾಗೆ ಕೊಡಗಿನವರೇ, 2018ರ ಏಷ್ಯನ್ ಗೇಮ್ಸ್‌ನಲ್ಲಿ ವರುಣ್ ಠಕ್ಕರ್ ಜೊತೆ ಫಾರ್ಟಿನೈನರ್ ದೋಣಿಯಲ್ಲಿ ಕಂಚು ಗೆದ್ದ ಗಣಪತಿ ಚೆಂಗಪ್ಪ ನಿಮ್ಮ ಕಡೆಯ ಹೆಸರಲ್ವಾ? ಹಾಕಿಗೆ ಕೊಡುವ ಗಮನದಲ್ಲಿ ಸ್ವಲ್ಪ ಇದಕ್ಕೂ ಕೊಡಿ.

ಹಿನ್ನೀರು_ಹಾಯಿ:

ಹುತ್ತರಿಗೆ ಒಂದು ವಾರ ಇದೆ ಅನ್ನುವಾಗ ಬರೆಯುತ್ತಿದ್ದೇನೆ. ಒಣಗಲು ಮೂರು ವಾರ ಬೇಕಾಯ್ತು. ಮೊದಲ ವಾರ ಎರಡು ಕೆಜಿ ಇಳಿಯಿತು, ಎರಡನೆಯದರಲ್ಲಿ ಅರ್ಧ, ಆಮೇಲೆ 59.5ಕ್ಕೆ ನಿಂತಿತು. ಅಂದರೆ ಬೆಳಿಗ್ಗೆಯ 62 ಕೆಜಿಯಲ್ಲೂ ನೀರಿತ್ತು! ಮೂರು ಪದರ ಗ್ಲಾಸ್ ಹಾಕಿದೆ. ಹ್ಯಾಚ್ ಕತ್ತರಿಸುವಾಗ ನಿಜವಾಗಿಯೂ ಕೈ ನಡುಗಿತು ಅಕ್ಕ, ಹಾಗಾಗಿ ತೂತು ಸ್ವಲ್ಪ ಅವರೆಕಾಳಿನ ಆಕಾರಕ್ಕೆ ಬಂದಿದೆ. ಮುಚ್ಚಳ ಹಾಕಿದರೆ ಕಾಣುವುದಿಲ್ಲ.

ಕೊಳವೆಗೆ ನೀರು ತುಂಬಿ ರಾತ್ರಿಯಿಡೀ ಬಿಟ್ಟೆ. ಗೆರೆ ಬಿಟ್ಟು ಇಳಿಯಲಿಲ್ಲ. ನಿನ್ನೆ ಎರಡು ರೇಸ್ ಆದ ಮೇಲೂ ತೂಕ 59.5. ಮಾಸ್ಟ್ ನಿಲ್ಲಿಸುವ ಮೊದಲು ಈಗ ಎಲ್ಲರೂ ಬುಡ ತೊಳೆದು ಮರಳು ತೆಗೆಯುತ್ತೇವೆ. ಮಳೆಗಾಲಕ್ಕೆ ದೋಣಿ ಒಳಗಿಡುವಾಗ ಉಸಿರುತೂತಿನ ಮೇಲೆ ಸೊಳ್ಳೆಪರದೆಯ ಚೂರು ಅಂಟಿಸಬೇಕು ಅಂತಲೂ ಗೋಡೆ ಮೇಲೆ ಬರೆದಿದ್ದೇವೆ.

ಎರಡನೇ ರೇಸಿನಲ್ಲಿ ಎಷ್ಟನೆಯವನು ಅಂತ ಕೇಳುತ್ತೀರಿ, ಗೊತ್ತು. ಮೂರು. ಮೊದಲ ಬೋಯಾ (ತೇಲುವ ಗುರುತು) ಹತ್ತಿರ ಪೋರ್ಟ್ ಟ್ಯಾಕ್‌ನಲ್ಲಿ, ಅಂದರೆ ಎಡಗಡೆಯಿಂದ ಗಾಳಿ ಪಡೆದು ಬಂದು, ಬಲಗಡೆಯಿಂದ ಗಾಳಿ ಪಡೆದು (ಸ್ಟಾರ್‌ಬೋರ್ಡ್) ಬರುತ್ತಿದ್ದ, ದಾರಿಯ ಹಕ್ಕಿದ್ದ ಮಾವನಿಗೆ ಅಡ್ಡ ಹೋದೆ. ಎರಡು ಸುತ್ತು ತಿರುಗಿ ದಂಡ ತೀರಿಸಬೇಕಾಯ್ತು. ಅವರು ಈ ಸಲವೂ ಕೈ ಬೀಸಿದರು.

ತೋಟದ_ಮನೆ:

ಇದೆಲ್ಲ ಓದಿ ನನ್ನ ದೋಣಿಯ ಉಸಿರುತೂತು ಹುಡುಕಲು ಹೋದೆ. ಟಾರ್ಚ್ ಹಾಕಿದರೂ ಕಾಣಲಿಲ್ಲ. ಕೈಯಲ್ಲಿ ಸವರಿದರೆ ಆ ಜಾಗದಲ್ಲಿ ಗಟ್ಟಿ ಉಬ್ಬು. ಹುಳ ಕಟ್ಟಿದ್ದಲ್ಲ. ಎರಡು ವರ್ಷದ ಹಿಂದೆ ನಾನೇ ಒತ್ತಿದ ಎಂ-ಸೀಲ್.

ಅಕ್ಕ, ಇದನ್ನು ಬಿಡಿಸಲು ಎಷ್ಟು ಎಂಎಂ ಡ್ರಿಲ್ ಬಿಟ್ ಹಾಕಲಿ?