ಗಸಿಯಿರುವ ಶೇಂಗಾ ಎಣ್ಣೆಗೆ ಯಾವ ಪಂಪು ಸರಿ?

ಪ್ರಶ್ನೆ: ಎಣ್ಣೆ ಗಿರಣಿ, ಗದಗ

ಮಾನ್ಯರೇ, ನಮ್ಮ ಸಣ್ಣ ಗಿರಣಿಯಲ್ಲಿ ಶೇಂಗಾ ಮತ್ತು ಕುಸುಬಿ ಎಣ್ಣೆ ತೆಗೆಯುತ್ತೇವೆ. ಕಾಳು ಹಿಂಡುವ ಎಕ್ಸ್‌ಪೆಲ್ಲರಿನಿಂದ ಇಳಿದ ಕಚ್ಚಾ ಎಣ್ಣೆಯನ್ನು, ಬಟ್ಟೆಯಲ್ಲಿ ಸೋಸುವ ಫಿಲ್ಟರ್ ಪ್ರೆಸ್‌ಗೆ ತಳ್ಳಲು ಇದುವರೆಗೆ ಗೇರ್ ಪಂಪು ಬಳಸಿದ್ದೇವೆ. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಅದರ ಗೇರುಗಳು ಸವೆದು ಒತ್ತಡ ಬೀಳುತ್ತದೆ. ನೀರಿನ ಸೆಂಟ್ರಿಫ್ಯೂಗಲ್ ಪಂಪು ಅಗ್ಗ, ರಿಪೇರಿಯೂ ಸುಲಭ. ಅದನ್ನೇ ಕೂಡಿಸಬಹುದೇ?

ಉತ್ತರ: ಪಂಪು ದುರಸ್ತಿ ಮಾಡುವವರು, ಹುಬ್ಬಳ್ಳಿ

ದಯವಿಟ್ಟು ಕೂಡಿಸಬೇಡಿ. ಸೆಂಟ್ರಿಫ್ಯೂಗಲ್ ಪಂಪು ಒಳಗೆ ತಿರುಗುವ ಇಂಪೆಲ್ಲರ್ ಚಕ್ರದ ವೇಗದಿಂದ ದ್ರವವನ್ನು ಎಸೆಯುತ್ತದೆ. ದ್ರವ ಮಂದವಾದಷ್ಟೂ ಅದರ ಎತ್ತುವ ಶಕ್ತಿ ಕುಗ್ಗಿ, ಕರೆಂಟು ಮಾತ್ರ ಹೆಚ್ಚು ಖರ್ಚಾಗುತ್ತದೆ. ಇನ್ನೊಂದು ಮಾತು, ಪ್ರೆಸ್ಸಿನ ಬಟ್ಟೆಯ ಮೇಲೆ ಗಸಿ ಕಟ್ಟುತ್ತ ಹೋದಂತೆ ಎದುರೊತ್ತಡ ಏರುತ್ತದೆ, ಆಗ ಈ ಪಂಪಿನಿಂದ ಹರಿಯುವ ಎಣ್ಣೆ ತೀರಾ ಕಡಿಮೆಯಾಗುತ್ತದೆ.

ನಿಮ್ಮ ಗೇರ್ ಪಂಪನ್ನೂ ನಾನು ದೂರುವುದಿಲ್ಲ. ಗೇರಿಗೂ ಕವಚಕ್ಕೂ ನಡುವೆ ಕೂದಲೆಳೆಯಷ್ಟೇ ಸಂದಿ ಇರುವುದರಿಂದಲೇ ಅದು ಮಂದ ಎಣ್ಣೆಯನ್ನು ಅಷ್ಟು ಚೆನ್ನಾಗಿ ತಳ್ಳುತ್ತದೆ. ಶೇಂಗಾದ ಜೊತೆ ಬಂದ ಸಿಪ್ಪೆ ಚೂರು ಮತ್ತು ಮಣ್ಣು ಅದೇ ಸಂದಿಗೆ ಸಿಕ್ಕು ಅರದಂತೆ ಉಜ್ಜುತ್ತವೆ. ಸೋಸಿದ ಎಣ್ಣೆಯನ್ನು ಟ್ಯಾಂಕಿಗೆ ಏರಿಸಲು ಅದನ್ನೇ ಇಟ್ಟುಕೊಳ್ಳಿ. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆಯುವ ರಿಲೀಫ್ ವಾಲ್ವ್ ಮಾತ್ರ ಇರಲೇಬೇಕು: ಮುಂದಿನ ವಾಲ್ವ್ ಮುಚ್ಚಿದ್ದನ್ನು ನೋಡದೆ ಚಾಲೂ ಮಾಡಿ, ಪೈಪಿನ ಜೋಡಣೆ ಒಡೆದು, ನಾನು ಅರ್ಧ ದಿನ ಎಣ್ಣೆ ಬಳಿದಿದ್ದೇನೆ.

ಉತ್ತರ: ಮೆಕ್ಯಾನಿಕಲ್ ಎಂಜಿನಿಯರ್, ಹಾವೇರಿ

ಗಸಿಯಿರುವ ಕಡೆ ರಬ್ಬರ್ ಸ್ಟೇಟರಿನ (ತಿರುಗದೆ ನಿಲ್ಲುವ ಹೊರ ಕೊಳವೆ) ಸ್ಕ್ರೂ ಪಂಪು ಹಾಕಿ. ಒಳಗಿನ ಉಕ್ಕಿನ ರೋಟರ್ ತಿರುಗಿದಂತೆ ಎಣ್ಣೆ ಸಣ್ಣ ಸಣ್ಣ ಪೊಟರೆಗಳಲ್ಲಿ ನಿಧಾನವಾಗಿ ಮುಂದೆ ಸರಿಯುತ್ತದೆ, ಚೂರುಗಳು ಸಿಕ್ಕರೆ ರಬ್ಬರ್ ಅಷ್ಟಿಷ್ಟು ಬಾಗಿ ದಾರಿ ಬಿಡುತ್ತದೆ. ಕೊಳ್ಳುವಾಗ ನೈಟ್ರೈಲ್ ರಬ್ಬರನ್ನೇ ಕೇಳಿ. ಸಾದಾ ರಬ್ಬರ್ ಎಣ್ಣೆಯಲ್ಲಿ ಉಬ್ಬಿ ರೋಟರನ್ನು ಹಿಡಿದುಬಿಡುತ್ತದೆ. ನಿಮಿಷಕ್ಕೆ 1440 ಸುತ್ತಿನ ಮೋಟರಿಗೆ ನೇರವಾಗಿ ಜೋಡಿಸದೆ, ಗೇರ್‌ಬಾಕ್ಸಿನಿಂದ 300ರ ಆಸುಪಾಸಿಗೆ ಇಳಿಸಿದರೆ ಸವೆತ ಬಹಳ ತಗ್ಗುತ್ತದೆ. ಇದಕ್ಕೂ ರಿಲೀಫ್ ವಾಲ್ವ್ ಬೇಕು. ಟ್ಯಾಂಕು ಬರಿದಾದ ಮೇಲೂ ಓಡಿದರೆ ಕೆಲವೇ ನಿಮಿಷಗಳಲ್ಲಿ ಸ್ಟೇಟರ್ ಸುಟ್ಟುಹೋಗುತ್ತದೆ, ಆದ್ದರಿಂದ ಎಣ್ಣೆ ತಗ್ಗಿದಾಗ ಪಂಪು ನಿಲ್ಲಿಸುವ ಲೆವೆಲ್ ಸ್ವಿಚ್‌ಗೆ ಹಣ ಉಳಿಸಬೇಡಿ.

ಉತ್ತರ: ಕಾರ್ಖಾನೆ ನಿರ್ವಹಣೆ, ಧಾರವಾಡ

ಕಂಪ್ರೆಸರ್ ಇದ್ದರೆ ಗಾಳಿಯಿಂದ ನಡೆಯುವ ಡಯಾಫ್ರಾಮ್ ಪಂಪನ್ನೂ (ಬಾಗುವ ಪರದೆ ಹಿಂದೆ ಮುಂದೆ ಆಡಿ ದ್ರವವನ್ನು ತಳ್ಳುವ ಪಂಪು) ಪರಿಶೀಲಿಸಿ. ಪ್ರೆಸ್ ತುಂಬಿ ಎದುರೊತ್ತಡ ಗಾಳಿಯ ಒತ್ತಡಕ್ಕೆ ಸಮವಾದಾಗ ಅದು ತಾನಾಗಿಯೇ ನಿಲ್ಲುತ್ತದೆ, ಬರಿದೇ ಓಡಿದರೂ ಸುಡುವುದಿಲ್ಲ. ಗಾಳಿ ಒತ್ತುವುದಕ್ಕೆ ತಗಲುವ ವಿದ್ಯುತ್ ಮಾತ್ರ ದುಬಾರಿ. ದಿನವಿಡೀ ನಡೆಯುವ ಗಿರಣಿಗೆ ನಾನು ಅದನ್ನು ಹೇಳುವುದಿಲ್ಲ.

ಪ್ರಶ್ನೆ ಕೇಳಿದವರು, ಗದಗ

ನಮ್ಮಲ್ಲಿ ಕಂಪ್ರೆಸರ್ ಇಲ್ಲ, ಹಂಗಾಮಿನಲ್ಲಿ ಎರಡು ಪಾಳಿ ನಡೆಯುತ್ತದೆ. ಹಾಗಾಗಿ ಕಚ್ಚಾ ಎಣ್ಣೆಗೆ ಸ್ಕ್ರೂ ಪಂಪು ಹಾಕಿ, ಗೇರ್ ಪಂಪನ್ನು ಸೋಸಿದ ಎಣ್ಣೆಯ ಕಡೆಗೆ ಬದಲಿಸುತ್ತೇವೆ. ಪಂಪಿಗೆ ಮೊದಲು ಎಣ್ಣೆಯನ್ನು ಒಂದು ರಾತ್ರಿ ತಿಳಿಯಾಗಲು ಬಿಡಬೇಕೇ?

ಉತ್ತರ: ಮೆಕ್ಯಾನಿಕಲ್ ಎಂಜಿನಿಯರ್, ಹಾವೇರಿ

ಖಂಡಿತ ಬಿಡಿ. ಹೀರುವ ಪೈಪನ್ನು ಟ್ಯಾಂಕಿನ ತಳದಿಂದ ಒಂದು ಗೇಣು ಮೇಲಕ್ಕಿಡಿ, ತಳದ ಗಸಿಗೆ ಬೇರೆ ಕಾಕ್ ಇರಲಿ.