4294967297 ಅವಿಭಾಜ್ಯವೋ ಅಲ್ಲವೋ?

ಪ್ರಶ್ನೆ: ಸರ್, 4294967297 ಅಂದರೆ 2³²+1. ಇದನ್ನು 100ರ ಒಳಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಿದೆ, ಯಾವುದರಿಂದಲೂ ಹೋಗಲಿಲ್ಲ. ಪೈಥಾನ್‌ನಲ್ಲಿ ಫರ್ಮಾ ಪರೀಕ್ಷೆ (ಆಧಾರವನ್ನು ಸಂಖ್ಯೆಗಿಂತ 1 ಕಡಿಮೆ ಘಾತಕ್ಕೇರಿಸಿ, ಆ ಸಂಖ್ಯೆಯಿಂದ ಭಾಗಿಸಿ ಶೇಷ ನೋಡುವುದು) ಹಾಕಿದರೆ ಆಧಾರ 2ಕ್ಕೆ ಶೇಷ 1, ಆಧಾರ 3ಕ್ಕೆ 3029026160. ಯಾವುದನ್ನು ನಂಬಬೇಕು?

ಉತ್ತರ: ಆಧಾರ 3 ಹೇಳಿದ್ದನ್ನು. ಅವಿಭಾಜ್ಯವಾಗಿದ್ದರೆ ಅಲ್ಲೂ 1 ಬರಲೇಬೇಕಿತ್ತು. ಒಂದು ಕಡೆ ತಪ್ಪಿದರೂ ಸಾಕು, ಸಂಖ್ಯೆ ಸಂಯುಕ್ತ ಎಂಬುದು ಖಚಿತ. 1 ಬಂದರೆ ಮಾತ್ರ ಏನೂ ಖಚಿತವಾಗುವುದಿಲ್ಲ. ಅದರಲ್ಲೂ ಈ ಸಂಖ್ಯೆಗೆ ಆಧಾರ 2 ಹಾಕುವುದೇ ವ್ಯರ್ಥ. 2³² ಈ ಸಂಖ್ಯೆಗಿಂತ 1 ಕಡಿಮೆ, ಹಾಗಾಗಿ ಇದರಿಂದ ಭಾಗಿಸುವಾಗ 2³²ರ ಶೇಷವನ್ನು −1 ಎನ್ನಬಹುದು, ಅದರ ವರ್ಗ 2⁶⁴ರ ಶೇಷ 1. ಪರೀಕ್ಷೆಯ ಘಾತ 2³², ಅದು 64ರ ಅಪವರ್ತ್ಯ. 1 ಬಿಟ್ಟು ಬೇರೇನು ಬಂದೀತು?

ಗಣಿತಜ್ಞ ಫರ್ಮಾ ಇದನ್ನು ಅವಿಭಾಜ್ಯವೆಂದೇ ನಂಬಿದ್ದ. 1732ರಲ್ಲಿ ಆಯ್ಲರ್ ಒಡೆದು ತೋರಿಸಿದ: 641 × 6700417. ಎರಡೂ ಅವಿಭಾಜ್ಯ.

ನೀವು 100ಕ್ಕೇ ನಿಲ್ಲಿಸಿದ್ದು ಸಾಲದು. ವರ್ಗಮೂಲದವರೆಗೆ, ಅಂದರೆ 65536ರವರೆಗೆ ಹೋಗಬೇಕು. ಅಷ್ಟರೊಳಗೆ 6542 ಅವಿಭಾಜ್ಯಗಳಿವೆ. ಆದರೆ ಅಷ್ಟೂ ಬೇಕಾಗಿಲ್ಲ. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವನ್ನು 128ರಿಂದ ಭಾಗಿಸಿದರೂ ಶೇಷ 1 ಉಳಿಯಲೇಬೇಕು. ಹಾಗಾಗಿ ನೋಡಬೇಕಾದವು 129, 257, 385, 513, 641... ಇವುಗಳಲ್ಲಿ 641ರವರೆಗೆ ಅವಿಭಾಜ್ಯ 257 ಮತ್ತು 641 ಮಾತ್ರ. 257ಕ್ಕೆ ಶೇಷ 2. 641ಕ್ಕೆ ಪೂರ್ತಿ ಹೋಗುತ್ತದೆ. ಎರಡೇ ಭಾಗಾಕಾರ!

ಇನ್ನೊಬ್ಬರ ಉತ್ತರ: ಭಾಗಿಸದೆಯೂ ತಿಳಿಯಬಹುದು. ಇದು 65536² + 1². ಜೊತೆಗೆ 62264² + 20449² ಕೂಡ ಹೌದು. ಅವಿಭಾಜ್ಯವೊಂದನ್ನು ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಲಾಗದು. ಅಪವರ್ತನಗಳೂ ಇಲ್ಲಿಂದಲೇ ಸಿಗುತ್ತವೆ. 65536 − 62264 = 3272, ಇದಕ್ಕೂ 20449 − 1 = 20448ಕ್ಕೂ ಮ.ಸಾ.ಅ. 8. 65536 + 62264 = 127800, ಇದಕ್ಕೂ 20449 + 1 = 20450ಕ್ಕೂ ಮ.ಸಾ.ಅ. 50. ಎರಡರ ಅರ್ಧ ತೆಗೆದುಕೊಳ್ಳಿ: 4² + 25² = 641. ನನಗೆ ಇದೇ ಹೆಚ್ಚು ಇಷ್ಟವಾದ ದಾರಿ.

ಮರುಪ್ರಶ್ನೆ: ಇದೇ ಪರೀಕ್ಷೆಯನ್ನು ಸಿ ಭಾಷೆಯಲ್ಲಿ 64 ಬಿಟ್ ಅನ್‌ಸೈನ್ಡ್ (ಋಣ ಸಂಖ್ಯೆಗಳಿಲ್ಲದ ಪೂರ್ಣಾಂಕ) ಇಟ್ಟು ಬರೆದರೆ ಆಧಾರ 2ಕ್ಕೆ 0 ಬರುತ್ತಿದೆ, ಯಾಕೆ?

ಉತ್ತರ: ವರ್ಗ ಮಾಡುತ್ತಾ ಹೋದಾಗ ಐದನೇ ಹೆಜ್ಜೆಗೆ 2³² ಬರುತ್ತದೆ. ಆರನೆಯದರಲ್ಲಿ ಅದು ಸರಿಯಾಗಿ 2⁶⁴. 64 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2⁶⁴−1, ಆದ್ದರಿಂದ ಶೇಷ ತೆಗೆಯುವ ಮೊದಲೇ 0 ಆಗಿಬಿಡುತ್ತದೆ, ಮುಂದೆಲ್ಲ 0. ಗುಣಾಕಾರವನ್ನು 128 ಬಿಟ್‌ನಲ್ಲಿ ಮಾಡಿ ಶೇಷ ತೆಗೆದು, ಆಮೇಲೆ 64ಕ್ಕೆ ಇಳಿಸಿ. 32 ಬಿಟ್‌ನಲ್ಲಂತೂ ಸಂಖ್ಯೆಯನ್ನೇ ಇಡಬೇಡಿ, ಅದು ಬರೀ 1 ಆಗಿ ಕೂರುತ್ತದೆ.